ಆ ಪುಸ್ತಕ ಯಾರಿಗಾಗಿ ಬರೆದದ್ದು?

ಪ್ರವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮತ್ತು ನನ್ನ ಯಜಮಾನರು ಇಬ್ಬರೂ ಅರವತ್ತು ದಾಟಿದವರು. ಏಪ್ರಿಲ್ ಕೊನೆಯ ವಾರ ಹೊರಟು ಹದಿನಾಲ್ಕು ದಿನ ಜಪಾನ್ ಸುತ್ತಿ ಬರಬೇಕೆಂದಿದ್ದೇವೆ. ಪ್ರವಾಸ ಕಂಪನಿಯ ಗುಂಪಿನೊಂದಿಗೆ ಹೋಗುವ ಮನಸ್ಸಿಲ್ಲ. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಬೆಂಗಳೂರಿನ ಪುಸ್ತಕದಂಗಡಿಯೊಂದರಲ್ಲಿ ಜಪಾನ್ ಕುರಿತೇ ನಾಲ್ಕು ದಪ್ಪ ಮಾರ್ಗದರ್ಶಿ ಪುಸ್ತಕಗಳನ್ನು ಕಂಡು, ಯಾವುದನ್ನು ಆರಿಸಬೇಕೆಂದು ತಿಳಿಯದೆ ಬರಿಗೈಯಲ್ಲಿ ಮರಳಿದೆ. ಫೋನ್ ಇರುವಾಗ ಪುಸ್ತಕವೇಕೆ ಎಂದು ಮಗ ಕೇಳುತ್ತಾನೆ. ಯಾವ ಪುಸ್ತಕ ಕೊಳ್ಳಲಿ?
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಬರಿಗೈಯಲ್ಲಿ ಮರಳಿದ್ದು ಒಳ್ಳೆಯದೇ ಆಯಿತು. ಮುಖಪುಟದ ಫ್ಯೂಜಿ ಬೆಟ್ಟವನ್ನೋ ಚೆರಿ ಹೂವನ್ನೋ ನೋಡಿ ಕೊಂಡ ಪುಸ್ತಕ ಪ್ರವಾಸ ಮುಗಿಯುವ ಮೊದಲೇ ಪೆಟ್ಟಿಗೆಯ ತಳ ಸೇರಿರುತ್ತದೆ. ಪುಸ್ತಕಗಳ ಹೆಸರಿಗೆ ಬರುವ ಮುನ್ನ ಒಂದು ಮಾತು ಹೇಳಬೇಕು. ಉಳಿದದ್ದೆಲ್ಲ ಅದನ್ನೇ ಹಿಡಿದುಕೊಂಡಿದೆ. ಪ್ರತಿಯೊಂದು ಮಾರ್ಗದರ್ಶಿಯನ್ನೂ ಒಬ್ಬ ಪ್ರವಾಸಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿರುತ್ತಾರೆ. ಅವನ ವಯಸ್ಸೆಷ್ಟು, ಏನು ಉಣ್ಣುತ್ತಾನೆ, ಕಿಸೆಯಲ್ಲಿ ಎಷ್ಟಿದೆ, ಯಾವ ದೇಶದ ಪಾಸ್‌ಪೋರ್ಟ್ ಹಿಡಿದಿದ್ದಾನೆ ಎಂಬುದನ್ನು ಪುಸ್ತಕ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಪ್ರತಿ ಪುಟವನ್ನೂ ಅವನಿಗೆಂದೇ ಬರೆದಿರುತ್ತದೆ. ಆ ಪ್ರವಾಸಿ ನಿಮಗೆ ಎಷ್ಟು ಹತ್ತಿರದವನು ಎಂಬುದನ್ನು ಕಂಡುಕೊಂಡರೆ ನಿಮ್ಮ ಆಯ್ಕೆ ಮುಗಿದಂತೆಯೇ.

ಇದು ಹೊಸ ಸಂಗತಿಯಲ್ಲ. 1836ರಲ್ಲಿ ಲಂಡನ್ನಿನ ಪ್ರಕಾಶಕ ಜಾನ್ ಮರ್ರೆ ಹೊರತಂದ ಕೈಪಿಡಿಯೂ, ಅದೇ ಕಾಲದಲ್ಲಿ ಜರ್ಮನಿಯ ಕಾರ್ಲ್ ಬೇಡೆಕರ್ ಪ್ರಕಟಿಸತೊಡಗಿದ ಪುಸ್ತಕಗಳೂ ಕೈಯಲ್ಲಿ ಹಣ ಮತ್ತು ಬಿಡುವು ಎರಡೂ ಇದ್ದ ಯುರೋಪಿನ ಗೃಹಸ್ಥರಿಗಾಗಿ ಬಂದವು. 1973ರಲ್ಲಿ ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಲಂಡನ್ನಿನಿಂದ ನೆಲಮಾರ್ಗವಾಗಿ ಏಷ್ಯಾವನ್ನು ದಾಟಿ ಆಸ್ಟ್ರೇಲಿಯಾ ತಲುಪಿದ ಮೇಲೆ ಲೋನ್ಲಿ ಪ್ಲಾನೆಟ್ ಆರಂಭಿಸಿದರು; ಅವರ ಓದುಗ ಬೆನ್ನಚೀಲ ಹೊತ್ತು ಅಗ್ಗದ ಹಾಸಿಗೆ ಹುಡುಕುವ ಪಶ್ಚಿಮದ ಯುವಕ. ಈ ಯಾವ ಪುಸ್ತಕವನ್ನೂ ಧಾರವಾಡದ ನಿವೃತ್ತ ಶಿಕ್ಷಕಿಗಾಗಿ ಬರೆದದ್ದಲ್ಲ. ಹಾಗೆಂದು ಅವು ನಿಮಗೆ ನಿರುಪಯುಕ್ತವೆಂದಲ್ಲ. ಎಲ್ಲಿ ಅದು ನಿಮ್ಮನ್ನು ಬಿಟ್ಟು ಬೇರೆ ಯಾರೊಂದಿಗೋ ಮಾತನಾಡುತ್ತಿದೆ ಎಂಬುದು ಗೊತ್ತಿದ್ದರೆ ಸಾಕು.

ಮೊದಲ ಉದಾಹರಣೆ ವೀಸಾದ್ದೇ. ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಬಹುಪಾಲು ಓದುಗರಿಗೆ ಜಪಾನಿಗೆ ಮುಂಚಿತವಾಗಿ ವೀಸಾ ಬೇಡವೆಂಬ ಧಾಟಿಯ ಸಾಲು ಇರುತ್ತದೆ. ಅದು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದವರಿಗೆ ಹೇಳಿದ ಮಾತು. ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಉಳ್ಳ ನೀವು ಹೊರಡುವ ಮೊದಲೇ ವೀಸಾ ಪಡೆದಿರಬೇಕು. ಆದ್ದರಿಂದ ಆ ಅಧ್ಯಾಯವನ್ನು ಬದಿಗಿಟ್ಟು, ಜಪಾನ್ ರಾಯಭಾರ ಕಚೇರಿಯ ಜಾಲತಾಣವನ್ನೇ ನೋಡಿ.

ಎರಡನೆಯದು ಊಟ. ನಿಮ್ಮ ಮಟ್ಟಿಗೆ ಇದೇ ನಿಜವಾದ ಪರೀಕ್ಷೆ. ಅಂಗಡಿಯಲ್ಲಿ ಪುಸ್ತಕವನ್ನು ಕೈಗೆ ತೆಗೆದುಕೊಂಡ ಕೂಡಲೇ ಹಿಂದಿನ ಅಕಾರಾದಿಯನ್ನು ತೆರೆದು ‘ದಾಶಿ’ ಎಂಬ ಪದವನ್ನು ಹುಡುಕಿ. ಜಪಾನೀ ಅಡುಗೆಯ ತಳಪಾಯವೇ ಈ ದಾಶಿ ಎಂಬ ಸಾರು. ಒಣಗಿಸಿ, ಹೊಗೆಯಲ್ಲಿಟ್ಟು, ಮರದ ತುಂಡಿನಂತೆ ಗಟ್ಟಿಯಾಗಿಸಿದ ಬೊನಿಟೊ ಮೀನನ್ನು ಹೆರೆದು ಕುದಿನೀರಿಗೆ ಹಾಕಿ ಅದನ್ನು ತೆಗೆಯುತ್ತಾರೆ. ಅನೇಕ ಕಡೆ ಕೊಂಬು ಎಂಬ ಕಡಲಪಾಚಿಯೂ ಅದರೊಂದಿಗೆ ಇರುತ್ತದೆ. ಮಿಸೊ ಸಾರಿನಲ್ಲಿ, ಊದೋನ್ ಮತ್ತು ಸೋಬಾ ಶ್ಯಾವಿಗೆಯ ರಸದಲ್ಲಿ, ತರಕಾರಿ ಬೇಯಿಸುವ ನೀರಿನಲ್ಲಿ, ಟೆಂಪುರಾ ಅದ್ದಿ ತಿನ್ನುವ ಬಟ್ಟಲಿನಲ್ಲಿ ದಾಶಿ ಇದ್ದೇ ಇರುತ್ತದೆ. ಮಾಂಸವಿಲ್ಲ ಎಂದು ಬಡಿಸುವವರು ಹೇಳಿದಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಲೆಕ್ಕದಲ್ಲಿ ಆ ಸಾರು ಮಾಂಸವೇ ಅಲ್ಲ.

ನನ್ನ ಮೊದಲ ಜಪಾನ್ ಪ್ರವಾಸದಲ್ಲಿ, ಕೈಯಲ್ಲಿದ್ದ ಪುಸ್ತಕ ಸಸ್ಯಾಹಾರಿಗಳಿಗೆ ತಕ್ಕದ್ದೆಂದು ಸೂಚಿಸಿದ್ದ ಕ್ಯೋಟೋದ ಚಿಕ್ಕ ಊಟದ ಮನೆಯೊಂದಕ್ಕೆ ಮಳೆಯಲ್ಲಿ ಹುಡುಕಿಕೊಂಡು ಹೋಗಿದ್ದೆ. ಕರಿದ ತೋಫು ಬಂತು. ಅದರ ಮೇಲೆ ಚೆಲ್ಲಿದ್ದ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ನಸುಗೆಂಪು ಚೂರುಗಳು ಕೆಳಗಿನ ಬಿಸಿ ಆವಿಗೆ ಜೀವವಿದ್ದಂತೆ ಮಡಚಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ ಇದ್ದವು. ಬಹಳ ಚಂದವಾಗಿದೆ ಎಂದು ನೋಡುತ್ತಲೇ ಇದ್ದೆ. ಪಕ್ಕದಲ್ಲಿದ್ದವರು ಅದು ಮೀನೆಂದು ಸನ್ನೆ ಮಾಡಿ ತಿಳಿಸಿದಾಗ ಚಾಪ್‌ಸ್ಟಿಕ್ ಕೆಳಗಿಟ್ಟೆ. ಆ ಊಟದ ಮನೆಯವರದೇನೂ ತಪ್ಪಿರಲಿಲ್ಲ. ಪುಸ್ತಕ ಬರೆದವರು ‘ಮಾಂಸದ ತುಂಡು ಕಾಣದಿದ್ದರೆ ಸಾಕು’ ಎನ್ನುವ ಸಸ್ಯಾಹಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು, ನಾನು ಬೇರೆ ಬಗೆಯ ಸಸ್ಯಾಹಾರಿಯಾಗಿದ್ದೆ, ಅಷ್ಟೆ. ಅಂದಿನಿಂದ ಯಾವ ಜಪಾನ್ ಪುಸ್ತಕ ಸಿಕ್ಕರೂ ಮೊದಲು ನೋಡುವುದು ದಾಶಿಯ ಪುಟವನ್ನೇ.

ಆ ಪುಟದಲ್ಲಿ ‘ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ’ ಎಂಬ ಒಂದೇ ಸಾಲಿದ್ದರೆ ಪುಸ್ತಕವನ್ನು ಅಲ್ಲಿಯೇ ಇಟ್ಟುಬಿಡಿ. ಒಳ್ಳೆಯ ಪುಸ್ತಕ ದಾಶಿಯೆಂದರೇನೆಂದು ವಿವರಿಸುತ್ತದೆ. ಬೌದ್ಧ ಮಠಗಳ ‘ಶೋಜಿನ್ ರ‍್ಯೋರಿ’ ಎಂಬ ಅಡುಗೆಯನ್ನು ಎಲ್ಲೆಲ್ಲಿ ಬಡಿಸುತ್ತಾರೆಂದು ಹೇಳುತ್ತದೆ. ಮೀನು, ಮಾಂಸ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟು ಮಾಡುವ ಆ ಅಡುಗೆ ನಮ್ಮ ಅನೇಕ ಮನೆಗಳ ಪದ್ಧತಿಗೆ ಅಚ್ಚರಿಯೆನಿಸುವಷ್ಟು ಹತ್ತಿರದ್ದು. ವಾಕಾಯಾಮಾ ಪ್ರಾಂತದ ಕೋಯಾಸಾನ್ ಎಂಬ ಬೆಟ್ಟದ ಊರಿನಲ್ಲಿ ಸುಮಾರು ಐವತ್ತು ಮಠಗಳು ಪ್ರವಾಸಿಗಳಿಗೆ ವಸತಿ ಕೊಟ್ಟು ಈ ಊಟವನ್ನೇ ಬಡಿಸುತ್ತವೆ. ನಿಮ್ಮ ಹದಿನಾಲ್ಕು ದಿನಗಳಲ್ಲಿ ಒಂದು ರಾತ್ರಿಯನ್ನಾದರೂ ಅಲ್ಲಿಗೆಂದು ತೆಗೆದಿಡಿ. ನಮ್ಮ ದೇಶದ ಪೊಟ್ಟಣಗಳ ಮೇಲಿರುವ ಹಸಿರು ಚುಕ್ಕೆ ಜಪಾನಿನಲ್ಲಿ ಇಲ್ಲ. ಆದ್ದರಿಂದ ‘ಮೀನು, ಮಾಂಸ, ಮೊಟ್ಟೆ, ಮೀನಿನ ದಾಶಿ ನಾವು ತಿನ್ನುವುದಿಲ್ಲ’ ಎಂಬ ಮಾತು ಜಪಾನೀ ಲಿಪಿಯಲ್ಲಿ ಅಚ್ಚಾಗಿರುವ ಪುಸ್ತಕ ಸಿಕ್ಕರೆ, ಆ ಒಂದು ಪುಟಕ್ಕಾಗಿಯೇ ಅದನ್ನು ಕೊಳ್ಳಬಹುದು.

ಇನ್ನು ಮೊಣಕಾಲಿನ ವಿಚಾರ. ಬೆಟ್ಟದ ಮೇಲಿನ ದೇವಾಲಯವನ್ನು ವರ್ಣಿಸುವಾಗ ಮೆಟ್ಟಿಲು ಎಷ್ಟು, ಹತ್ತಲು ಎಷ್ಟು ಹೊತ್ತು, ಅರ್ಧದಿಂದ ಹಿಂತಿರುಗಬಹುದೇ ಎಂದು ತಿಳಿಸುವ ಪುಸ್ತಕ ನಿಮಗೆ ಬೇಕು. ಶಿಕೋಕು ದ್ವೀಪದ ಕೊತೊಹಿರಾದಲ್ಲಿರುವ ಕೊಂಪಿರಾ ದೇಗುಲದ ಮುಖ್ಯ ಮಂದಿರಕ್ಕೆ 785 ಮೆಟ್ಟಿಲು, ಒಳಗುಡಿಯವರೆಗೆ ಹೋದರೆ ಒಟ್ಟು 1,368. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಮ್ಮೆಯಾದರೂ ಹತ್ತಿದವರಿಗೆ ಆ ಸಂಖ್ಯೆ ಏನು ಹೇಳುತ್ತದೆಂದು ಗೊತ್ತು. ‘ಕೊಂಚ ಏರು ದಾರಿ’ ಎಂಬ ವರ್ಣನೆ ಏನನ್ನೂ ಹೇಳುವುದಿಲ್ಲ. ಹಿರೋಶಿಮಾದ ಬಳಿಯ ಮಿಯಾಜಿಮಾ ದ್ವೀಪದಲ್ಲಿ ಮಿಸೆನ್ ಬೆಟ್ಟಕ್ಕೆ ರೋಪ್‌ವೇ ಇದೆ. ಆದರೆ ರೋಪ್‌ವೇ ಇಳಿದ ಮೇಲೂ ಶಿಖರಕ್ಕೆ ಸುಮಾರು ಅರ್ಧ ಗಂಟೆ ಏರಬೇಕು. ಅದನ್ನು ಹೇಳದೆ ‘ರೋಪ್‌ವೇಯಲ್ಲಿ ಶಿಖರ ತಲುಪಬಹುದು’ ಎಂದು ಬರೆದಿರುವ ಪುಸ್ತಕವನ್ನು ಇಪ್ಪತ್ತೈದು ವರ್ಷದ ಕಾಲುಗಳು ಬರೆದಿವೆ ಎಂದೇ ತಿಳಿಯಿರಿ. ಕ್ಯೋಟೋದ ಫುಶಿಮಿ ಇನಾರಿ ದೇಗುಲದ ಕೆಂಪು ತೋರಣದ್ವಾರಗಳ ಸಾಲು ಬೆಟ್ಟದ ಬುಡದಲ್ಲಿಯೇ ಆರಂಭವಾಗುತ್ತದೆ. ಪೂರ್ತಿ ಸುತ್ತಲು ಎರಡು ಮೂರು ಗಂಟೆ ಬೇಕಾದರೂ, ಕಾಲು ಭಾಗ ನಡೆದು ಇಳಿದು ಬಂದರೂ ಏನನ್ನೋ ಕಳೆದುಕೊಂಡಂತಾಗುವುದಿಲ್ಲ. ಇಂಥ ಒಂದು ಮಾತನ್ನು ಧೈರ್ಯವಾಗಿ ಹೇಳುವ ಲೇಖಕರನ್ನು ನಂಬಬಹುದು.

ನೀವು ಹೋಗುವ ಸಮಯದ ಬಗ್ಗೆಯೂ ಎಚ್ಚರ ಬೇಕು. ಏಪ್ರಿಲ್ 29ರಿಂದ ಮೇ 5ರವರೆಗೆ ಸರ್ಕಾರಿ ರಜೆಗಳು ಒಂದರ ಹಿಂದೊಂದು ಬರುವ ‘ಗೋಲ್ಡನ್ ವೀಕ್’ನಲ್ಲಿ ಇಡೀ ಜಪಾನೇ ಪ್ರಯಾಣದಲ್ಲಿರುತ್ತದೆ. ಟೋಕಿಯೋ–ಕ್ಯೋಟೋ ಮಾರ್ಗದ ಅತಿವೇಗದ ನೊಜೊಮಿ ರೈಲುಗಳಲ್ಲಿ ಆ ದಿನಗಳಲ್ಲಿ ಎಲ್ಲ ಆಸನಗಳೂ ಕಾಯ್ದಿರಿಸಿದವರಿಗೇ ಮೀಸಲು. ಸಾಧ್ಯವಿದ್ದರೆ ಪ್ರವಾಸವನ್ನು ಮೇ ಎರಡನೆಯ ವಾರಕ್ಕೆ ತಳ್ಳಿ. ಆಗದಿದ್ದರೆ ರೈಲು ಮತ್ತು ವಸತಿಯನ್ನು ಈಗಲೇ ಕಾಯ್ದಿರಿಸಿ. ಗೋಲ್ಡನ್ ವೀಕ್ ಎಂಬ ಮಾತು ಪುಸ್ತಕದ ಮೊದಲ ಐವತ್ತು ಪುಟಗಳೊಳಗೆ ಕಾಣದಿದ್ದರೆ ಅದು ಯೋಜನೆ ಹಾಕಿಕೊಳ್ಳಲು ತಕ್ಕ ಪುಸ್ತಕವಲ್ಲ.

ಈಗ ಹೆಸರುಗಳಿಗೆ ಬರೋಣ. ಅಂಗಡಿಯಲ್ಲಿ ನೀವು ಕಂಡ ನಾಲ್ಕರಲ್ಲಿ ಮೂರಾದರೂ ಲೋನ್ಲಿ ಪ್ಲಾನೆಟ್, ರಫ್ ಗೈಡ್ಸ್ ಮತ್ತು ಡಿಕೆ ಐವಿಟ್ನೆಸ್ ಮಾಲಿಕೆಗಳವೇ ಇರಬೇಕು. ಡಿಕೆಯ ಪುಸ್ತಕ ನೋಡಲು ಕಣ್ಣಿಗೆ ಹಬ್ಬ. ಕೋಟೆಯನ್ನೋ ದೇವಾಲಯವನ್ನೋ ಸೀಳಿ ಒಳಗಿನ ರಚನೆಯನ್ನು ತೋರಿಸುವ ಅದರ ಚಿತ್ರಗಳನ್ನು ಬೇರೆಯವರು ಸರಿಗಟ್ಟಿಲ್ಲ. ಆದರೆ ಅದರ ನುಣುಪು ಕಾಗದ ಭಾರ, ಮಾತು ಕಡಿಮೆ. ಎಲ್ಲಿಗೆ ಹೋಗಬೇಕೆಂಬ ಆಸೆ ಹುಟ್ಟಿಸಲು ಅದು ಸಾಕು, ಹೇಗೆ ಹೋಗಬೇಕೆಂದು ತಿಳಿಯಲು ಸಾಲದು. ಲೋನ್ಲಿ ಪ್ಲಾನೆಟ್‌ನ ಹಳೆಯ ಬಲವೆಂದರೆ ಪ್ರತಿ ಊರಿನ ವಸತಿ, ಊಟ, ಬಸ್ಸುಗಳ ಉದ್ದನೆಯ ಪಟ್ಟಿ. ಇತ್ತೀಚಿನ ಆವೃತ್ತಿಗಳಲ್ಲಿ ಆ ಪಟ್ಟಿಗಳನ್ನು ಕಡಿಮೆ ಮಾಡಿ ‘ಅನುಭವ’ಗಳಿಗೆ ಹೆಚ್ಚು ಜಾಗ ಕೊಟ್ಟಿದ್ದಾರೆ, ಹಳೆಯ ಹೆಸರನ್ನು ನಂಬಿ ಕೊಳ್ಳುವವರು ಇದನ್ನು ಗಮನಿಸಬೇಕು. 1982ರಲ್ಲಿ ಆರಂಭವಾದ ರಫ್ ಗೈಡ್ಸ್ ಮೊದಲಿನಿಂದಲೂ ಚರಿತ್ರೆ, ಸಮಾಜದ ವಿವರಣೆಗೆ ಹೆಚ್ಚು ಒತ್ತು ಕೊಟ್ಟ ಮಾಲಿಕೆ. ನೀವಿಬ್ಬರೂ ಓದುವ ಹವ್ಯಾಸದವರೆಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ. ಹಾಗಿದ್ದರೆ ಮೊದಲು ರಫ್ ಗೈಡನ್ನೇ ತೆರೆದು ದಾಶಿಯ ಪರೀಕ್ಷೆಗೆ ಒಡ್ಡಿ.

ಮಾಲಿಕೆಯ ಪ್ರಾಮಾಣಿಕತೆಯನ್ನು ಅಳೆಯಲು ನಮಗೆ ಇನ್ನೊಂದು ಸುಲಭದ ದಾರಿಯಿದೆ. ಅದೇ ಮಾಲಿಕೆಯ ಭಾರತದ ಪುಸ್ತಕವನ್ನು ಕಪಾಟಿನಿಂದ ತೆಗೆದು ಹಂಪಿಯ ಪುಟಗಳನ್ನು ಓದಿ. ಜಪಾನಿನ ಬಗ್ಗೆ ಅವರು ಬರೆದದ್ದು ಸರಿಯೇ ಎಂದು ನಿಮಗೆ ತಿಳಿಯದು, ಹಂಪಿಯ ಬಗ್ಗೆ ಬರೆದದ್ದು ತಿಳಿಯುತ್ತದೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ತೆರವುಗೊಳಿಸಲಾಯಿತು. ಅನಂತರದ ಆವೃತ್ತಿಯಲ್ಲೂ ಅವುಗಳಲ್ಲಿಯೇ ತಂಗಬೇಕೆಂದು ಬರೆದಿದ್ದರೆ, ಯಾರೂ ಅಲ್ಲಿಗೆ ಮರಳಿ ಹೋಗಿ ನೋಡಿಲ್ಲವೆಂದೇ ಅರ್ಥ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದ್ದನ್ನು ಅದಾದ ಮೇಲೆ ಬಂದ ಪುಸ್ತಕ ಗುರುತಿಸಿದೆಯೇ ನೋಡಿ. ಹಂಪಿಯಲ್ಲಿ ಅಸಡ್ಡೆ ತೋರಿದವರು ಕ್ಯೋಟೋದಲ್ಲಿ ಶ್ರದ್ಧೆ ತೋರಿದ್ದಾರೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ನಿಮ್ಮ ಮಗ ಹೇಳುವುದರಲ್ಲಿಯೂ ನಿಜವಿದೆ. ರೈಲಿನ ಸಮಯ, ಇಂದು ತೆರೆದಿದೆಯೇ ಮುಚ್ಚಿದೆಯೇ ಎಂಬುದು, ನಿಂತ ಜಾಗದಿಂದ ಮುಂದಿನ ದಾರಿ, ಇವಕ್ಕೆ ಫೋನನ್ನು ಮೀರಿದ್ದಿಲ್ಲ. ಜಪಾನಿನಲ್ಲಿ ಬಹುತೇಕ ಬೀದಿಗಳಿಗೆ ಹೆಸರೇ ಇಲ್ಲ. ವಿಳಾಸವೆಂದರೆ ಬಡಾವಣೆಯ ಭಾಗ, ಅದರೊಳಗಿನ ಚೌಕ, ಚೌಕದೊಳಗಿನ ಕಟ್ಟಡ ಎಂಬ ಅಂಕಿಗಳ ಸರಣಿ. ಟೋಕಿಯೋದ ಶಿಂಜುಕು ನಿಲ್ದಾಣಕ್ಕೆ ಇನ್ನೂರಕ್ಕೂ ಹೆಚ್ಚು ದ್ವಾರಗಳಿವೆ. ಅಲ್ಲಿ ಫೋನಿನ ನಕ್ಷೆಯೇ ಗತಿ. ಆದರೆ ಫೋನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಹದಿನಾಲ್ಕು ದಿನಗಳಲ್ಲಿ ನಾರಾಕ್ಕೆ ಒಂದು ದಿನ ಕೊಡಬೇಕೋ ಎರಡೋ, ಒಸಾಕಾವನ್ನು ಬಿಟ್ಟರೆ ನಷ್ಟವೇ, ಕನಜಾವಾ ಮತ್ತು ತಾಕಾಯಾಮಾಗಳಲ್ಲಿ ಒಂದನ್ನೇ ಆರಿಸುವುದಾದರೆ ಯಾವುದು, ಇಂಥ ತೂಗಿ ನೋಡುವ ಕೆಲಸ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಇಬ್ಬರೂ ಕೂತು, ಪೆನ್ಸಿಲಿನಿಂದ ಗುರುತು ಹಾಕುತ್ತ ಮಾಡಿದರೇ ಸರಿ. ಹೊರಡುವ ಎರಡು ತಿಂಗಳ ಮೊದಲು ಪುಸ್ತಕ, ಹೊರಟ ಮೇಲೆ ಫೋನು ಎಂದು ಕೆಲಸ ಹಂಚಿಬಿಡಿ.

ಎಂಟುನೂರು ಪುಟದ ಪುಸ್ತಕವನ್ನು ಹಾಗೆಯೇ ಹೊತ್ತೊಯ್ಯಬೇಡಿ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಅದನ್ನು ಕತ್ತರಿಸಲು ಮನಸ್ಸು ಬಾರದು, ನನಗೂ ಬಂದಿರಲಿಲ್ಲ. ಬೈಂಡರ್ ಒಬ್ಬರಲ್ಲಿ ಕೊಟ್ಟು ಟೋಕಿಯೋ, ಕ್ಯೋಟೋ, ಹಿರೋಶಿಮಾ ಎಂದು ಮೂರು ತೆಳು ಪುಸ್ತಿಕೆಗಳಾಗಿ ಬಿಡಿಸಿ ರಟ್ಟು ಹಾಕಿಸಿದೆ. ಆ ಪುಸ್ತಿಕೆಗಳು ಇಂದಿಗೂ ನನ್ನ ಬಳಿ ಇವೆ. ಬಿಡಿಸದೆ ಉಳಿಸಿದ ಯಾವ ಮಾರ್ಗದರ್ಶಿಯೂ ನನಗೆ ಇಷ್ಟು ಉಪಯೋಗಕ್ಕೆ ಬಂದಿಲ್ಲ.

ಪ್ರಶ್ನೆ: ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ 2017ರಲ್ಲಿ ಅಚ್ಚಾದ ಜಪಾನ್ ಮಾರ್ಗದರ್ಶಿ ಇನ್ನೂರು ರೂಪಾಯಿಗೆ ಸಿಕ್ಕಿತು. ದೇವಾಲಯಗಳು, ಕೋಟೆಗಳು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ, ಅದನ್ನೇ ಬಳಸಬಹುದೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ದೇವಾಲಯಗಳು ಓಡಿಹೋಗುವುದಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಆದರೂ ಓಕಿನಾವಾದ ಶುರಿ ಕೋಟೆಯ ಮುಖ್ಯ ಸಭಾಭವನ 2019ರ ಅಕ್ಟೋಬರ್ 31ರ ಬೆಂಕಿಯಲ್ಲಿ ಸುಟ್ಟುಹೋಯಿತು. ನೋತೋ ಪರ್ಯಾಯ ದ್ವೀಪದ ವಾಜಿಮಾ ಪಟ್ಟಣದ ಪ್ರಸಿದ್ಧ ಬೆಳಗಿನ ಸಂತೆಯ ಬೀದಿ 2024ರ ಜನವರಿ 1ರ ಭೂಕಂಪದ ಬೆನ್ನಿಗೆ ಎದ್ದ ಬೆಂಕಿಗೆ ಬಲಿಯಾಯಿತು. ನಿಮ್ಮ ಪುಸ್ತಕದಲ್ಲಿ ಎರಡೂ ಹಿಂದಿದ್ದ ಹಾಗೆಯೇ ಇವೆ.

ನಿಮ್ಮ ಜೇಬಿಗೆ ನಿಜವಾಗಿ ಪೆಟ್ಟು ಕೊಡುವುದು ರೈಲಿನ ಅಧ್ಯಾಯ. ವಿದೇಶಿ ಪ್ರವಾಸಿಗಳಿಗೆಂದು ಇರುವ ಏಳು ದಿನಗಳ ಜಪಾನ್ ರೈಲ್ ಪಾಸ್‌ನ ಸಾಮಾನ್ಯ ದರ್ಜೆಯ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ ಒಮ್ಮೆಲೇ 50,000 ಯೆನ್‌ಗೆ ಏರಿತು. ಟೋಕಿಯೋದಿಂದ ಕ್ಯೋಟೋಕ್ಕೆ ಹೋಗಿ ಬರಲು ಟಿಕೆಟ್ಟಿಗೆ ಸುಮಾರು 28,000 ಯೆನ್. ಹಾಗಾಗಿ ‘ಟೋಕಿಯೋ–ಕ್ಯೋಟೋ ಹೋಗಿ ಬಂದರೇ ಪಾಸಿನ ಹಣ ಹೆಚ್ಚುಕಡಿಮೆ ಹುಟ್ಟಿತು’ ಎಂಬ ಸಲಹೆ ಹಳೆಯ ಪುಸ್ತಕಗಳಲ್ಲೆಲ್ಲ ಇದೆ, ಆ ಕಾಲಕ್ಕೆ ಅದು ಸರಿಯಾದ ಲೆಕ್ಕವೇ ಆಗಿತ್ತು. ಇಂದು ಅದನ್ನು ನಂಬಿದರೆ ಇಪ್ಪತ್ತು ಸಾವಿರ ಯೆನ್‌ಗೂ ಹೆಚ್ಚು ಕೈಬಿಡುತ್ತದೆ. ಪುಸ್ತಕಕ್ಕೆ ಉಳಿಸಿದ ಹಣ ಎಷ್ಟೆಂದು ನೀವೇ ಹೋಲಿಸಿ ನೋಡಿ. ಕ್ಯೋಟೋದ ಬಸ್ಸುಗಳ ಒಂದು ದಿನದ ಚೀಟಿಯನ್ನು ಹಳೆಯ ಪುಸ್ತಕಗಳೆಲ್ಲ ಹೊಗಳುತ್ತವೆ. ಬಸ್ಸುಗಳಲ್ಲಿ ಊರಿನವರಿಗೇ ಜಾಗ ಸಿಗದಂತಾದ ಮೇಲೆ ಅದನ್ನು ನಿಲ್ಲಿಸಿ, ಸುರಂಗ ರೈಲು ಮತ್ತು ಬಸ್ಸು ಎರಡಕ್ಕೂ ಸೇರಿದ ಚೀಟಿಯನ್ನು ಮುಂದುವರಿಸಿದ್ದಾರೆ. ಕ್ಯೋಟೋದಿಂದ ಕನಜಾವಾಕ್ಕೆ ನೇರ ರೈಲಿದೆ ಎಂದೂ ನಿಮ್ಮ ಪುಸ್ತಕ ಹೇಳುತ್ತಿರಬೇಕು. 2024ರ ಮಾರ್ಚ್ 16ರಂದು ಹೊಕುರಿಕು ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲು ಮಾರ್ಗವನ್ನು ತ್ಸುರುಗಾವರೆಗೆ ವಿಸ್ತರಿಸಿದ ಮೇಲೆ ಆ ನೇರ ರೈಲು ತ್ಸುರುಗಾದಲ್ಲಿಯೇ ಕೊನೆಯಾಗುತ್ತದೆ, ಅಲ್ಲಿ ಇಳಿದು ಶಿಂಕಾನ್‌ಸೆನ್ ಹತ್ತಬೇಕು. ಟೋಕಿಯೋದ ತ್ಸುಕಿಜಿ ಮೀನು ಮಾರುಕಟ್ಟೆಯ ಹರಾಜು ನಡೆಯುತ್ತಿದ್ದ ಒಳಭಾಗ 2018ರ ಅಕ್ಟೋಬರಿನಲ್ಲಿ ತೊಯೊಸುಗೆ ಹೋಯಿತು. ಬೆಳಗಿನ ನಾಲ್ಕಕ್ಕೆ ಎದ್ದು ತ್ಸುಕಿಜಿಗೆ ಹೋದರೆ ಹರಾಜು ಕಾಣದು.

ಕೊಂಡದ್ದನ್ನು ಎಸೆಯಬೇಡಿ. ಅದರ ಚರಿತ್ರೆಯ ಭಾಗ, ಜಪಾನಿನ ಮೂಲ ಧರ್ಮವಾದ ಶಿಂತೋದ ಮತ್ತು ಬೌದ್ಧ ಧರ್ಮದ ದೇಗುಲಗಳ ವ್ಯತ್ಯಾಸ, ಸಾರ್ವಜನಿಕ ಸ್ನಾನದ ಮನೆಯ ರೀತಿನೀತಿ, ಯಾವ ಊರಿಗೆ ಎಷ್ಟು ದಿನ ಎಂಬ ತೂಕದ ಮಾತು, ಇವು ಹಳಸಿಲ್ಲ. ಬೆಲೆ, ರೈಲು, ಬಸ್ಸು, ತೆರೆಯುವ ಸಮಯ, ಹೋಟೆಲ್ ಇರುವ ಸಾಲುಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ, ಆಯಾ ಸಂಸ್ಥೆಯ ಅಧಿಕೃತ ಜಾಲತಾಣದಿಂದ ಬರೆದುಕೊಳ್ಳಿ. ಮುಂದೆ ಹೊಸದನ್ನು ಕೊಳ್ಳುವಾಗಲೂ ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಅಲ್ಲಿ ಆವೃತ್ತಿಯ ವರ್ಷ ಬೇರೆ, ಮರುಮುದ್ರಣದ ವರ್ಷ ಬೇರೆ ಇರುತ್ತದೆ. ಮರುಮುದ್ರಣದಲ್ಲಿ ಹೊಸದೆಂದರೆ ಕಾಗದ ಮಾತ್ರ. ಹೊಸ ಆವೃತ್ತಿಯಾದರೂ ಲೇಖಕರು ಊರೂರು ಸುತ್ತಿದ್ದು ಅಚ್ಚಿಗೆ ತಿಂಗಳುಗಟ್ಟಲೆ ಮೊದಲು ಎಂಬುದನ್ನು ನೆನಪಿನಲ್ಲಿಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಐದು ನಕ್ಷತ್ರಗಳ ಹೊಗಳಿಕೆ ನೋಡಿ ವಿಯೆಟ್ನಾಮ್ ಮಾರ್ಗದರ್ಶಿಯೊಂದನ್ನು ತರಿಸಿದೆ. ಒಳಗೆ ನಕ್ಷೆಯಿಲ್ಲ, ಒಂದು ಬಸ್ಸಿನ ವಿವರವೂ ಇಲ್ಲ, ಎಲ್ಲ ಊರನ್ನೂ ಒಂದೇ ರೀತಿ ಹೊಗಳಿದೆ. ಇಂಥದ್ದನ್ನು ಮೊದಲೇ ಗುರುತಿಸುವುದು ಹೇಗೆ?
– ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಯಂತ್ರದಿಂದ ಬರೆಯಿಸಿ, ಬೇಡಿಕೆ ಬಂದಂತೆ ಒಂದೊಂದೇ ಪ್ರತಿ ಅಚ್ಚು ಮಾಡಿ ಮಾರುವ ಮಾರ್ಗದರ್ಶಿಗಳು 2023ರಿಂದೀಚೆಗೆ ಆನ್‌ಲೈನ್ ಅಂಗಡಿಗಳಲ್ಲಿ ತುಂಬಿಕೊಂಡಿವೆ. ಹೊಗಳಿಕೆಯ ನಕ್ಷತ್ರಗಳನ್ನೂ ಹಣಕ್ಕೆ ಕೊಳ್ಳಬಹುದಾದ್ದರಿಂದ ಅವುಗಳನ್ನು ನೆಚ್ಚಬೇಡಿ.

ಕೊಳ್ಳುವ ಮೊದಲು ಲೇಖಕರ ಹೆಸರಿನ ಮೇಲೆ ಒತ್ತಿ. ಒಬ್ಬನೇ ವ್ಯಕ್ತಿ ಒಂದೇ ವರ್ಷದಲ್ಲಿ ವಿಯೆಟ್ನಾಮ್, ಪೋರ್ಚುಗಲ್, ಪೆರು, ಐಸ್‌ಲ್ಯಾಂಡ್ ನಾಲ್ಕಕ್ಕೂ ಮಾರ್ಗದರ್ಶಿ ಬರೆದಿದ್ದರೆ ಆತ ಯಾವ ದೇಶಕ್ಕೂ ಹೋಗಿಲ್ಲ. ದೇಶವೊಂದರ ದೊಡ್ಡ ಪುಸ್ತಕಕ್ಕೆ ಹೆಸರಾಂತ ಮಾಲಿಕೆಗಳು ಹಲವು ಲೇಖಕರನ್ನು ಪ್ರದೇಶವಾರು ಹಂಚಿ ಕಳಿಸುತ್ತವೆ, ಯಾರು ಯಾವ ಭಾಗ ಬರೆದರೆಂದು ಹೆಸರೂ ಹಾಕುತ್ತವೆ. ಅನಂತರ ಮಾದರಿ ಪುಟಗಳನ್ನು ತೆರೆದು ಯಾವುದಾದರೂ ಒಂದು ಸಣ್ಣ ಊರಿಗೆ ಹೋಗಿ. ಹನೋಯ್‌ನಿಂದ ಬೆಟ್ಟಗಳ ನಡುವಿನ ಸಾಪಾಕ್ಕೆ ಹೋಗುವ ರಾತ್ರಿ ರೈಲು ಸಾಪಾವರೆಗೆ ಹೋಗುವುದಿಲ್ಲ, ಕೆಳಗಿನ ಲಾವ್ ಕಾಯ್ ಪಟ್ಟಣದಲ್ಲಿ ನಿಲ್ಲುತ್ತದೆ, ಅಲ್ಲಿಂದ ಘಟ್ಟದ ದಾರಿಯಲ್ಲಿ ವ್ಯಾನ್ ಹಿಡಿಯಬೇಕು. ಅಲ್ಲಿ ಬೆಳಗಿನ ಚಳಿಯಲ್ಲಿ ಪೆಟ್ಟಿಗೆ ಇಳಿಸಿಕೊಂಡು ನಿಂತವರು ಅದನ್ನು ಬರೆಯದೆ ಇರುವುದಿಲ್ಲ. ನಿಮ್ಮ ಪುಸ್ತಕದಲ್ಲಿ ‘ಸಾಪಾದ ಮನಮೋಹಕ ಗದ್ದೆಗಳು ನಿಮ್ಮನ್ನು ಕೈಬೀಸಿ ಕರೆಯುತ್ತವೆ’ ಎಂದಷ್ಟೇ ಇರುತ್ತದೆ ಎಂದು ನೋಡದೆಯೇ ಹೇಳಬಲ್ಲೆ. ನಿಜವಾದ ಮಾರ್ಗದರ್ಶಿಯಲ್ಲಿ ‘ಇಲ್ಲಿಗೆ ಹೋಗಬೇಡಿ’, ‘ಇದಕ್ಕೆ ಇಷ್ಟು ಹಣ ಕೊಡುವುದು ಬೇಡ’ ಎಂಬ ಮಾತುಗಳು ಸಿಕ್ಕೇ ಸಿಗುತ್ತವೆ. ಹತ್ತು ಪುಟ ಓದಿದರೂ ಒಂದು ಬೇಡ ಕೂಡ ಕಾಣದಿದ್ದರೆ ಪುಸ್ತಕವನ್ನು ಹಿಂತಿರುಗಿಸಿ.

ಪ್ರಶ್ನೆ: ಕನ್ನಡದಲ್ಲಿ ಪ್ರವಾಸ ಕಥನಗಳು ಬೇಕಾದಷ್ಟಿವೆ. ಅವುಗಳನ್ನೇ ಮಾರ್ಗದರ್ಶಿಯಾಗಿ ಬಳಸಬಾರದೇಕೆ? ಇಂಗ್ಲಿಷ್ ಓದಲು ನನ್ನ ತಾಯಿಗೆ ಕಷ್ಟ.
– ಗೃಹಿಣಿ, ದಾವಣಗೆರೆ

ಉತ್ತರ: ಓದಿಸಿ, ತಪ್ಪದೆ ಓದಿಸಿ. ಶಿವರಾಮ ಕಾರಂತರಿಂದ ಹಿಡಿದು ಗೊರೂರು ರಾಮಸ್ವಾಮಿ ಅಯ್ಯಂಗಾರ್‌ರವರೆಗೆ ನಮ್ಮ ದೊಡ್ಡ ಲೇಖಕರು ವಿದೇಶಗಳನ್ನು ಕನ್ನಡದ ಕಣ್ಣಿನಿಂದ ನೋಡಿ ಬರೆದಿದ್ದಾರೆ. ಮೇಲೆ ಹೇಳಿದ ಕೊರತೆ ಅಲ್ಲಿಲ್ಲ, ಆ ಬರಹಗಳ ಓದುಗರು ನಾವೇ. ಏನು ಉಂಡರು, ಎಲ್ಲಿ ಮುಜುಗರಪಟ್ಟರು, ಯಾವುದನ್ನು ಊರಿನ ಯಾವುದಕ್ಕೆ ಹೋಲಿಸಿಕೊಂಡರು ಎಂಬುದೆಲ್ಲ ನಿಮ್ಮ ತಾಯಿಗೆ ಆಪ್ತವಾಗಿ ತಲುಪುತ್ತದೆ. ಆದರೆ ಪ್ರವಾಸ ಕಥನ ಬರೆದವರು ಕಂಡದ್ದನ್ನು ಹೇಳುತ್ತಾರೆ, ನೀವು ಕಾಣಬೇಕಾದದ್ದನ್ನು ಹೇಳುವ ಹೊಣೆ ಅವರದಲ್ಲ. ಟಿಕೆಟ್ ಎಲ್ಲಿ ಕೊಳ್ಳಬೇಕೆಂದು ಕಾರಂತರನ್ನು ಕೇಳಲಾಗದು.

ನಾನು ಕಂಡ ಒಂದು ಮನೆಯ ಪದ್ಧತಿಯನ್ನು ಹೇಳುತ್ತೇನೆ. ಮಗಳು ಇಂಗ್ಲಿಷ್ ಮಾರ್ಗದರ್ಶಿಯನ್ನು ಓದಿ, ಪ್ರತಿ ದಿನಕ್ಕೊಂದು ಹಾಳೆಯಂತೆ, ಅಂದು ಹೋಗುವ ಜಾಗ, ಅದರ ಕಥೆ ನಾಲ್ಕು ಸಾಲು, ಎಷ್ಟು ನಡಿಗೆ, ಶೌಚಾಲಯ ಎಲ್ಲಿ, ತಂಗುವ ಮನೆಯ ಹೆಸರು ಆ ದೇಶದ ಲಿಪಿಯಲ್ಲಿ, ಇಷ್ಟನ್ನು ತಾಯಿಗಾಗಿ ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು ಕೊಟ್ಟಿದ್ದಳು. ಆ ತಾಯಿ ಹಾಳೆಗಳನ್ನು ಕೈಚೀಲದಲ್ಲಿಟ್ಟುಕೊಂಡು, ಬೆಳಗ್ಗೆ ಬಸ್ಸಿನಲ್ಲಿ ಕನ್ನಡಕ ಏರಿಸಿ ಅಂದಿನದನ್ನು ಓದಿಕೊಳ್ಳುತ್ತಿದ್ದರು. ಗುಂಪಿನ ಹಿಂದೆ ಸುಮ್ಮನೆ ನಡೆಯುವವರಾಗದೆ, ಇಂದು ಎಲ್ಲಿಗೆ ಹೋಗುತ್ತಿದ್ದೇವೆಂದು ಬಲ್ಲವರಾಗಿ ನಡೆದರು. ನೀವೂ ಹಾಗೆ ಬರೆದುಕೊಡಿ. ಹದಿನೈದು ಹಾಳೆ ಹೆಚ್ಚೇನಲ್ಲ.

ಪ್ರಶ್ನೆ: ಮಕ್ಕಳೊಂದಿಗೆ ಹದಿನೈದು ದಿನ ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್ ನೋಡಲಿದ್ದೇವೆ. ಯುರೋಪಿಗೆಲ್ಲ ಸೇರಿ ಒಂದೇ ಪುಸ್ತಕ ಸಾಕೇ, ಮೂರು ಬೇಕೇ?
– ಶಿವಮೊಗ್ಗ

ಉತ್ತರ: ಯುರೋಪಿಗೆಲ್ಲ ಒಂದೇ ಪುಸ್ತಕವೆಂದರೆ ಮೂವತ್ತಕ್ಕೂ ಹೆಚ್ಚು ದೇಶಗಳ ಭಾರವನ್ನು ಹೊತ್ತು, ನಿಮಗೆ ಬೇಕಾದ ಮೂರಕ್ಕೆ ಕೆಲವೇ ಪುಟ ಪಡೆದಂತೆ. ಮೂರು ದೊಡ್ಡ ಪುಸ್ತಕಗಳೂ ಬೇಡ. ಪ್ಯಾರಿಸ್ ಮತ್ತು ರೋಮ್‌ಗೆ ಕಿಸೆಯಲ್ಲಿ ಹಿಡಿಯುವ ನಗರ ಮಾರ್ಗದರ್ಶಿಗಳನ್ನು ಕೊಂಡುಕೊಳ್ಳಿ. ಸ್ವಿಟ್ಜರ್ಲೆಂಡಿನಲ್ಲಿ ರೈಲು, ದೋಣಿ, ಬೆಟ್ಟದ ರೈಲುಗಳ ಮಾಹಿತಿ ಅಧಿಕೃತ ಜಾಲತಾಣದಲ್ಲಿ ಅಚ್ಚುಕಟ್ಟಾಗಿ ಸಿಗುವುದರಿಂದ ಪುಸ್ತಕವಿಲ್ಲದೆಯೂ ನಡೆಯುತ್ತದೆ.

ನಗರದ ಪುಸ್ತಕದಲ್ಲಿ ನೀವು ನೋಡಬೇಕಾದದ್ದು ವಾರದ ರಜೆ ಮತ್ತು ಮುಂಗಡ ಟಿಕೆಟ್ಟಿನ ಮಾತು. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯಗಳಲ್ಲಿ ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಓರ್ಸೆ ಸೋಮವಾರ. ವ್ಯಾಟಿಕನ್ ವಸ್ತುಸಂಗ್ರಹಾಲಯ ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರಗಳಲ್ಲಿ ತೆರೆಯುವುದಿಲ್ಲ. ನಾಲ್ಕು ದಿನಕ್ಕೆಂದು ಹೋದ ಊರಿನಲ್ಲಿ ಲೂವ್ರ್‌ಗೆಂದು ಇಟ್ಟ ದಿನ ಮಂಗಳವಾರವಾಗಿಬಿಟ್ಟರೆ ಮಕ್ಕಳು ಅಲ್ಲಿನ ಮೋನಾಲಿಸಾ ನೋಡದೆಯೇ ಮರಳಬೇಕಾದೀತು. 2019ರ ಬೆಂಕಿಯ ಅನಂತರ ಮುಚ್ಚಿದ್ದ ನೋತ್ರ್ ದಾಮ್ ಚರ್ಚು 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. ಪ್ಯಾರಿಸ್ ಪುಸ್ತಕ ಕೈಗೆ ತೆಗೆದುಕೊಂಡಾಗ ಆ ಪುಟವನ್ನು ಮೊದಲು ತಿರುವಿ. ಚರ್ಚು ಇನ್ನೂ ಮುಚ್ಚಿದೆಯೆಂದು ಅಲ್ಲಿ ಬರೆದಿದ್ದರೆ ಆ ಪುಸ್ತಕವನ್ನು ಕಪಾಟಿಗೇ ಮರಳಿಸಿ.